ಪಲ್ಲವಿಯ ಇಪ್ಪತ್ನಾಲ್ಕು ಸಕಾರ

ನಮ್ಮ ಹಾಡಿನ ಪಲ್ಲವಿ ನಾಲ್ಕೇ ಸಾಲು. ಅದರಲ್ಲಿ ‘ಸ’ ಎಂಟು ಸಲ ಬರುತ್ತದೆ. ಪಲ್ಲವಿಯನ್ನು ಮೂರು ಸಲ ಹಾಡುತ್ತೇವೆ, ಅಲ್ಲಿಗೆ 24. ಹಾಡು ಬರೆದಾಗ ಈ ಲೆಕ್ಕ ಹಾಕಿರಲಿಲ್ಲ. ವೇದಿಕೆ ಮೇಲೆ ಹಾಡಿದಾಗಲೂ ಗಮನಕ್ಕೆ ಬಂದಿರಲಿಲ್ಲ. ಅದನ್ನು ವಿನೈಲ್ ರೆಕಾರ್ಡಿಗೆ ಇಳಿಸಲು ಹೋದಾಗ ಆ 24 ಸಕಾರಗಳು ನಮ್ಮ ಐದು ತಿಂಗಳನ್ನೂ ಒಂದಿಷ್ಟು ದುಡ್ಡನ್ನೂ ತಿಂದವು. ಬಳ್ಳಾರಿಯಂಥ ಊರಲ್ಲಿ ಕೂತು ಏಳು ಇಂಚಿನ ಪ್ಲೇಟು ಮಾಡಿಸಬೇಕು ಅಂತ ಇನ್ನೊಬ್ಬರಿಗೆ ಅನ್ನಿಸಿದರೆ ಉಪಯೋಗಕ್ಕೆ ಬರಲಿ ಎಂದು ನಾವು ಮಾಡಿದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ಹಗಲು ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ಬ್ಯಾಂಡಿನಲ್ಲಿ ಹಾಡುತ್ತೇನೆ, ರಿದಮ್ ಗಿಟಾರ್ ನುಡಿಸುತ್ತೇನೆ. ಲೀಡ್ ಗಿಟಾರ್ ಮತ್ತು ಬೇಸ್ ಇಬ್ಬರು ಹುಡುಗಿಯರದು, ಡ್ರಮ್ಸ್ ಮಾತ್ರ ಚರ್ಚಿನಲ್ಲಿ ನುಡಿಸುತ್ತಾ ಕಲಿತ ಒಬ್ಬ ಹುಡುಗನದು. ನಾವು ನುಡಿಸುವುದು ಪವರ್ ಪಾಪ್. ಈ ಹೆಸರನ್ನು ಮೊದಲು ಬಳಸಿದ್ದು ದಿ ಹೂ ಬ್ಯಾಂಡಿನ ಪೀಟ್ ಟೌನ್‌ಶೆಂಡ್, 1967ರ ಒಂದು ಸಂದರ್ಶನದಲ್ಲಿ. ಮುಂದೆ 1970ರ ದಶಕದಲ್ಲಿ ಬ್ಯಾಡ್‌ಫಿಂಗರ್, ಬಿಗ್ ಸ್ಟಾರ್, ರಾಸ್ಪ್‌ಬೆರೀಸ್, ಚೀಪ್ ಟ್ರಿಕ್ ಇವರೆಲ್ಲ ಅದಕ್ಕೊಂದು ಆಕಾರ ಕೊಟ್ಟರು. ಗಿಟಾರು ಜೋರಾಗಿರಬೇಕು, ಆದರೆ ರಾಗ ಒಂದೇ ಸಲಕ್ಕೆ ಬಾಯಿಗೆ ಬರುವಂತಿರಬೇಕು. ಹಾಡು ಮೂರು ನಿಮಿಷದ ಒಳಗೆ ಮುಗಿಯಬೇಕು. ಹಿಂದಿನ ದನಿಗಳು ಪಲ್ಲವಿಯನ್ನು ಎತ್ತಿ ಹಿಡಿಯಬೇಕು. ನಾನು ಕಾಲೇಜಿನಲ್ಲಿದ್ದಾಗ ಮೊದಲು ಹಚ್ಚಿಕೊಂಡದ್ದು ದಿ ಗೋ-ಗೋಸ್ ಬ್ಯಾಂಡನ್ನು. ಅವರು 1981ರಲ್ಲಿ ತಂದ ಮೊದಲ ಆಲ್ಬಂ ಮರುವರ್ಷ ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ತಾವೇ ಹಾಡು ಬರೆದು ತಾವೇ ವಾದ್ಯ ನುಡಿಸುವ ಹೆಣ್ಣುಮಕ್ಕಳ ಬ್ಯಾಂಡೊಂದು ಅಲ್ಲಿಗೆ ಹೋದದ್ದು ಅದೇ ಮೊದಲು.

ಊರಲ್ಲಿ ಜನ ಕೇಳುವ ಪ್ರಶ್ನೆ ಬೇರೆ. “ಹೆಣ್ಣುಮಗಳು ಮುಂದ ನಿಂತು ಹಾಡಿದ್ರ ಗಂಡುಹುಡುಗ ಹಿಂದ ಕುಂತು ಬಾರಸ್ತಾನಲ್ಲವ್ವಾ” ಎಂದು ಬಂಧುವೊಬ್ಬರು ಕೇಳಿದ್ದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಅಚ್ಚರಿಯಿಂದ ಕೇಳಿದ್ದು. ನನಗೆ ಮಾತ್ರ ಅವರ ಅಚ್ಚರಿಯೇ ಅಚ್ಚರಿ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮ ನಮ್ಮ ಜಿಲ್ಲೆಯವರೇ. 2014ರಲ್ಲಿ ತೀರಿಕೊಳ್ಳುವವರೆಗೂ ಕುಮಾರರಾಮನ ಕಥೆಯಂಥ ದೊಡ್ಡ ದೊಡ್ಡ ಕಾವ್ಯಗಳನ್ನು ಅಕ್ಷರದ ನೆರವಿಲ್ಲದೆ ನೆನಪಿನಿಂದಲೇ ಹಾಡಿದವರು. ಬುರ್ರಕಥೆಯಲ್ಲಿ ಮುಂದೆ ನಿಂತವರು ಕಥೆ ಎತ್ತುತ್ತಾರೆ, ಪಕ್ಕದಲ್ಲಿ ವಾದ್ಯ ಹಿಡಿದವರು ಸಾಲಿನ ತುದಿಯನ್ನು ಹಿಡಿದು ಮರುದನಿ ಕೊಡುತ್ತಾರೆ. ವೃತ್ತಿ ರಂಗಭೂಮಿಯ ಸುಭದ್ರಮ್ಮ ಮನ್ಸೂರು ಹಾಡಿ ಅಭಿನಯಿಸಿ ಬೆಳಗಿದ ಊರೂ ಇದೇ. ಮುಂದೆ ನಿಂತು ಹಾಡುವ ಹೆಂಗಸು ಬಳ್ಳಾರಿಗೆ ಎಂದಿನಿಂದಲೂ ಇದ್ದಾಳೆ. ಗಿಟಾರು ಮಾತ್ರ ಈಗ ಬಂದದ್ದು.

ನಮ್ಮ ಹಾಡಿನ ಕಟ್ಟು ಹುಟ್ಟಿದ್ದೂ ಆ ಮರುದನಿಯಿಂದಲೇ. ಪಲ್ಲವಿ ಹೀಗಿದೆ:

ನಸುಕಿನಾಗ ಬಂದಿ, ಬಿಸಿಲೇ
ಹೊಸಿಲು ದಾಟಿ ನಿಂತಿ, ಬಿಸಿಲೇ
ಮುಸುಕು ತೆಗಿ ಅಂದಿ, ಬಿಸಿಲೇ
ಉಸಿರು ನಂದು ಅಂದೆ, ಬಿಸಿಲೇ

ಮೊದಲ ಅರ್ಧ ನನ್ನದು. ‘ಬಿಸಿಲೇ’ ಎನ್ನುವುದು ಉಳಿದಿಬ್ಬರು ಹುಡುಗಿಯರದು, ಎರಡು ಶ್ರುತಿಯಲ್ಲಿ. ಇಂಗ್ಲಿಷ್ ಪದಗಳು ಸಾಮಾನ್ಯವಾಗಿ ವ್ಯಂಜನದಲ್ಲಿ ಬಾಯಿ ಮುಚ್ಚಿ ನಿಲ್ಲುತ್ತವೆ. ನಮ್ಮ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಬಾಯಿ ತೆರೆದೇ ಇರುತ್ತದೆ. ಹಾಗಾಗಿ ‘ಲೇ’ ಎಂಬುದನ್ನು ಎರಡು ಆವರ್ತ ಎಳೆದರೂ ಎಳೆದ ಹಾಗೆ ಅನ್ನಿಸುವುದಿಲ್ಲ. ಪವರ್ ಪಾಪ್‌ಗೆ ಕನ್ನಡ ಒಗ್ಗುವುದಿಲ್ಲ ಎನ್ನುವವರಿಗೆ ನಾನು ಈ ‘ಲೇ’ಯನ್ನೇ ಹಾಡಿ ತೋರಿಸುತ್ತೇನೆ.

ಆದರೆ ಎಳೆಯಬಾರದ ಕಡೆ ಎಳೆದರೆ ಹಾಡು ಕೆಡುತ್ತದೆ. ‘ಬಿಸಿಲು’ ಮೂರು ಲಘು. ರಾಗಕ್ಕೆ ಬೇಕೆಂದು ‘ಸಿ’ಯನ್ನು ಎಳೆದರೆ ‘ಬಿಸೀಲು’ ಆಗುತ್ತದೆ, ಅಂಥ ಮಾತು ಕನ್ನಡದಲ್ಲೇ ಇಲ್ಲ. ಮೊದಲು ನಾನು ಕಟ್ಟಿದ ರಾಗದಲ್ಲಿ ಇದೇ ತಪ್ಪಾಗಿತ್ತು. ಇಂಗ್ಲಿಷ್ ಹಾಡು ಕೇಳಿ ಕೇಳಿ ನನ್ನ ಕಿವಿ ಎರಡನೆಯ ಅಕ್ಷರದ ಮೇಲೆ ಭಾರ ಹಾಕುತ್ತಿತ್ತು. ಅವ್ವನ ಮುಂದೆ ಹಾಡಿದಾಗ ಅವಳು, “ಏನದು, ಸೀಲು ಸೀಲು ಅಂತೀಯಲ್ಲ?” ಎಂದಳು. ಅಂದಿನಿಂದ ನಮ್ಮ ಬ್ಯಾಂಡಿಗೆ ಒಂದೇ ಪರೀಕ್ಷೆ. ಗಿಟಾರು, ಡ್ರಮ್ಸ್ ಎಲ್ಲ ಸೇರಿದ ಮೇಲೂ ಅವ್ವನಿಗೆ ಪ್ರತಿ ಪದ ತಿಳಿಯಬೇಕು. ರಾಗ ಬದಲಿಸಿದೆವು. ಪದದ ಮೊದಲಕ್ಷರ ತಾಳದ ಮೊದಲ ಪೆಟ್ಟಿನ ಮೇಲೆ ಬೀಳುವ ಹಾಗೆ ಕೂರಿಸಿದ ಮೇಲೆ ಹಾಡು ತಾನಾಗಿ ಓಡತೊಡಗಿತು.

ವಿನೈಲ್ ಯಾಕೆ ಎಂದು ಕೇಳಿದವರಿಗೆ ನನ್ನ ಉತ್ತರ ಅಜ್ಜನ ಹೋಟೆಲು. ಬ್ರೂಸ್‌ಪೇಟೆ ಹತ್ತಿರ ಅಜ್ಜ ಚಹದ ಹೋಟೆಲು ಇಟ್ಟಿದ್ದರು. ಅಲ್ಲಿ ಮೊದಲು ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನು, ಆಮೇಲೆ ಕರೆಂಟಿನ ರೆಕಾರ್ಡ್ ಪ್ಲೇಯರು. ನಾನು ಹುಟ್ಟುವ ಹೊತ್ತಿಗೆ ಹೋಟೆಲು ಮುಚ್ಚಿತ್ತು. ಪ್ಲೇಟುಗಳು ಮಾತ್ರ ಟ್ರಂಕಿನಲ್ಲಿ ಉಳಿದಿದ್ದವು. ನಿಮಿಷಕ್ಕೆ 78 ಸುತ್ತಿನ ಹಳೆಯ ಪ್ಲೇಟುಗಳು ಅರಗಿನವು, ಕೈಜಾರಿದರೆ ಚೂರು. ಒಂದು ಬದಿಗೆ ಹಿಡಿಯುತ್ತಿದ್ದುದೇ ಮೂರು ನಿಮಿಷದಷ್ಟು, ಹಾಡಿನ ಅಳತೆ ಮೂರು ನಿಮಿಷ ಎಂದಾದದ್ದಕ್ಕೆ ಅದೂ ಒಂದು ಕಾರಣ. ನಮ್ಮ ದೇಶದಲ್ಲಿ ಗ್ರಾಮಫೋನ್ ಕಂಪನಿ 1908ರಲ್ಲೇ ಕೋಲ್ಕತ್ತದ ಸಿಯಾಲ್ದಾದಲ್ಲಿ ಪ್ಲೇಟು ಒತ್ತಲು ಶುರು ಮಾಡಿತ್ತು, ಮುಂದೆ ದಮ್‌ದಮ್‌ನಲ್ಲಿ ದೊಡ್ಡ ಕಾರ್ಖಾನೆ ಬಂತು. ಟ್ರಂಕಿನಲ್ಲಿದ್ದ ಏಳು ಇಂಚಿನವು ಕನ್ನಡ ಸಿನಿಮಾ ಹಾಡಿನ ಇ.ಪಿ.ಗಳು, ನಿಮಿಷಕ್ಕೆ 45 ಸುತ್ತಿನವು. ಆ ಅಳತೆಯನ್ನು 1949ರಲ್ಲಿ ಅಮೆರಿಕದ ಆರ್‌ಸಿಎ ವಿಕ್ಟರ್ ಕಂಪನಿ ತಂದಿತ್ತು. ಅಂಗೈ ಚಾಚಿದರೆ ಕೂರುವಂಥ ಆ ಪ್ಲೇಟುಗಳನ್ನು ಅವ್ವ ಇಂದಿಗೂ ಸೆರಗಿನಿಂದ ಒರೆಸುತ್ತಾಳೆ. (ಸೆರಗು ಬೇಡ. ನಮ್ಮ ಕಡೆಯ ಕೆಂಪು ಧೂಳು ಅದಿರಿನ ಧೂಳು, ಅದು ಬಟ್ಟೆಯಲ್ಲಿದ್ದರೆ ಉಜ್ಜಿದಷ್ಟೂ ಗೆರೆ ಬೀಳುತ್ತದೆ. ಮೊದಲು ಮೆತ್ತಗಿನ ಕಾರ್ಬನ್ ಬ್ರಷ್, ಬೇಕಾದರೆ ಆಮೇಲೆ ಡಿಸ್ಟಿಲ್ಡ್ ನೀರು.) ಆ ಟ್ರಂಕಿನಲ್ಲಿ ನನ್ನದೂ ಒಂದು ಇರಬೇಕು ಅನ್ನಿಸಿತ್ತು. ಇದಕ್ಕಿಂತ ದೊಡ್ಡ ಕಾರಣ ಇರಲಿಲ್ಲ, ಬೇಕಾಗಲೂ ಇಲ್ಲ.

ರೆಕಾರ್ಡಿಂಗ್ ಮಾಡಿದ್ದು ಕೌಲ್ ಬಜಾರಿನಲ್ಲಿರುವ ನಮ್ಮ ಅತ್ತಿಗೆಯ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ. ಬಳ್ಳಾರಿಯ ಜೀನ್ಸ್ ಕೆಲಸ ನೋಡಿದವರಿಗೆ ಗೊತ್ತು, ಅಂಥ ಕಡೆ ಗೋಡೆಗೆ ಗೋಡೆ ಬಟ್ಟೆಯ ಥಾನು, ಕತ್ತರಿಸಿಟ್ಟ ಪ್ಯಾಂಟಿನ ಕಟ್ಟು. ದಪ್ಪ ಡೆನಿಮ್ ಸದ್ದನ್ನು ಕುಡಿಯುತ್ತದೆ. ಚಪ್ಪಾಳೆ ತಟ್ಟಿದರೆ ಮರುಸದ್ದೇ ಇಲ್ಲ. ಸ್ಟುಡಿಯೋದವರು ಸಾವಿರಾರು ರೂಪಾಯಿ ಕೊಟ್ಟು ಹಚ್ಚುವ ಫೋಮಿನ ಕೆಲಸವನ್ನು ಆ ಕಟ್ಟುಗಳೇ ಮಾಡಿದವು. ಮಧ್ಯದ ಮತ್ತು ಮೇಲಿನ ಸದ್ದಿಗೆ ಇದು ಚೆನ್ನ, ಕೆಳಗಿನ ಸದ್ದಿಗೆ ಸಾಲದು. ಬೇಸ್ ಗಿಟಾರಿನ ಗುಂಯ್ ಎನ್ನುವುದು ಮೂಲೆಗಳಲ್ಲಿ ಸೇರಿಕೊಂಡು ಬಿಡುತ್ತಿತ್ತು. ಮೂಲೆ ಮೂಲೆಗೆ ಆಳೆತ್ತರ ಥಾನು ಒಟ್ಟಿದಾಗ ಒಂದಷ್ಟು ಕಡಿಮೆಯಾಯಿತು, ಉಳಿದದ್ದಕ್ಕೆ ಬೇಸನ್ನು ಆಂಪ್ಲಿಫೈಯರ್ ಬಿಟ್ಟು ನೇರ ತಂತಿಯಲ್ಲಿ ತೆಗೆದುಕೊಂಡೆವು.

ಕಷ್ಟ ಕೊಟ್ಟದ್ದು ತಗಡಿನ ಚಾವಣಿ. ಬಿಸಿಲೇರಿದಂತೆ ತಗಡು ಹಿಗ್ಗಿ ಟಕ್ ಟಕ್ ಅನ್ನುತ್ತದೆ, ಇಳಿಹೊತ್ತಿಗೆ ಕುಗ್ಗುವಾಗ ಮತ್ತೆ ಅದೇ. ಫ್ಯಾನು ಹಾಕಿದರೆ ಮೈಕಿಗೆ ಗಾಳಿ, ಆರಿಸಿದರೆ ಬೆವರಿಗೆ ಗಿಟಾರಿನ ಶ್ರುತಿ ನಿಲ್ಲದು. ಕೊನೆಗೆ ಭಾನುವಾರ ಬೆಳಗಿನ ಜಾವ ನಾಲ್ಕರಿಂದ ಏಳೂವರೆವರೆಗೆ ಎಂದು ಗೊತ್ತು ಮಾಡಿಕೊಂಡೆವು. ಅತ್ತಿಗೆ ತಾವೇ ಬಂದು ಬೀಗ ತೆಗೆದು, ಫ್ಲಾಸ್ಕಿನಲ್ಲಿ ಚಹ ಇಟ್ಟು ಹೋಗುತ್ತಿದ್ದರು. ‘ನಸುಕಿನಾಗ ಬಂದಿ’ ಎಂಬ ಸಾಲನ್ನು ನಿಜವಾದ ನಸುಕಿನಲ್ಲೇ ಹಾಡಿದ್ದು, ಕಿಟಕಿಯಾಚೆ ಕೋಟೆ ಗುಡ್ಡ ಕಪ್ಪಗಿನಿಂದ ಕೆಂಪಾಗುತ್ತಿದ್ದ ಹೊತ್ತು. ಆ ಟೇಕಿನಲ್ಲಿ ನನ್ನ ಗಂಟಲಲ್ಲಿ ಇನ್ನೂ ನಿದ್ದೆ ಇದೆ. ಅದನ್ನು ಹಾಗೆಯೇ ಬಿಟ್ಟಿದ್ದೇವೆ.

ರಿದಮ್ ಗಿಟಾರನ್ನು ಎರಡು ಸಲ ನುಡಿಸಿ ಎಡಕ್ಕೊಂದು, ಬಲಕ್ಕೊಂದು ಹಾಕಿದೆವು. ಒಂದನ್ನೇ ನಕಲು ಮಾಡಿ ಹಾಕಿದರೆ ಅಗಲ ಬರುವುದಿಲ್ಲ. ಎರಡು ಸಲದ ಕೈಯಲ್ಲಿ ಇರುವ ಕೂದಲೆಳೆಯ ವ್ಯತ್ಯಾಸವೇ ಆ ಅಗಲ. ಬೇಸ್, ಕಿಕ್ ಡ್ರಮ್, ನನ್ನ ದನಿ ಮಧ್ಯಕ್ಕೆ. ಮರುದನಿಯ ಹುಡುಗಿಯರು ನನ್ನ ಎಡಬಲಕ್ಕೆ, ಬುರ್ರಕಥೆಯಲ್ಲಿ ನಿಂತ ಹಾಗೆ.

ಇಲ್ಲಿಂದ ಮುಂದೆ ತಪ್ಪು ಶುರುವಾಯಿತು. ಹಾಡನ್ನು ಮೊದಲು ಫೋನಿನಲ್ಲಿ ಕೇಳುವವರಿಗೆಂದು ಮಾಸ್ಟರ್ (ಕೊನೆಯ ಹದ ಮಾಡಿದ ಪ್ರತಿ) ಮಾಡಿಸಿದ್ದೆವು. ಎಲ್ಲವೂ ಮುಂದೆ, ಎಲ್ಲವೂ ಜೋರು, ಮೇಲಿನ ಸದ್ದು ಹೊಳೆಹೊಳೆ. ಅದೇ ಫೈಲನ್ನು ಬೆಂಗಳೂರಿನ ಏಜೆಂಟರ ಮೂಲಕ ಯುರೋಪಿನ ಕಾರ್ಖಾನೆಗೆ ಕಳಿಸಿದೆವು. ಹಾಡನ್ನು ಗೆರೆಯಾಗಿ ಕೊರೆಯುವ ಕಟಿಂಗ್ ಎಂಜಿನಿಯರ್ ತಿರುಗಿ ಮೇಲ್ ಬರೆದರು, ಪಲ್ಲವಿಯಲ್ಲಿ ‘ಸ್’ ಸದ್ದು ತುಂಬಾ ಇದೆ, ಒಮ್ಮೆ ನೋಡುತ್ತೀರಾ ಎಂದು. ಪರವಾಗಿಲ್ಲ, ಹಾಗೇ ಕೊರೆಯಿರಿ ಎಂದು ನಾನೇ ಉತ್ತರ ಕಳಿಸಿದೆ. ಆ ಮೇಲನ್ನು ಕಳಿಸದೆ ಒಂದು ವಾರ ತಡೆದಿದ್ದರೆ ಸಾಕಿತ್ತು.

ರೆಕಾರ್ಡ್ ಹುಟ್ಟುವ ಬಗೆ ಇದು. ಅಲ್ಯೂಮಿನಿಯಂ ತಟ್ಟೆಯ ಮೇಲೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಳಿದಿರುತ್ತಾರೆ. ಕಾಯಿಸಿದ ನೀಲಮಣಿಯ ಸೂಜಿ ಅದರ ಮೇಲೆ ಹಾಡನ್ನು ಗೆರೆಯಾಗಿ ಕೊರೆಯುತ್ತದೆ. ಆಮೇಲೆ ಅದಕ್ಕೆ ಬೆಳ್ಳಿ ಸಿಂಪಡಿಸಿ ನಿಕ್ಕಲ್ ಬೆಳೆಸುತ್ತಾರೆ. ಬಿಡಿಸಿದಾಗ ಸಿಗುವ ಉಲ್ಟಾ ಅಚ್ಚಿಗೆ ಅವರು ‘ಫಾದರ್’ ಎನ್ನುತ್ತಾರೆ, ಅದರಿಂದ ತೆಗೆದದ್ದು ‘ಮದರ್’, ಮದರ್‌ನಿಂದ ತೆಗೆದದ್ದು ‘ಸ್ಟ್ಯಾಂಪರ್’. ಎರಡು ಬದಿಯ ಸ್ಟ್ಯಾಂಪರ್‌ಗಳ ನಡುವೆ ಬಿಸಿ ಪಿವಿಸಿ ಮುದ್ದೆ ಇಟ್ಟು ಹಬೆಯ ಕಾವಿನಲ್ಲಿ ಒತ್ತಿ, ನೀರಿನಲ್ಲಿ ತಣಿಸಿದರೆ ಪ್ಲೇಟು. ಮಧ್ಯದ ಲೇಬಲ್ಲಿಗೆ ಅಂಟು ಇರುವುದಿಲ್ಲ, ಅದೂ ಅದೇ ಒತ್ತಿನಲ್ಲಿ ಕೂತುಬಿಡುತ್ತದೆ. ಹಬೆ, ಒತ್ತು, ತಣಿಸುವುದು ಎಲ್ಲ ಕೇಳಿ ಅವ್ವ “ಇಡ್ಲಿ ಮಾಡಿದಂಗ ಐತಲ್ಲ” ಎಂದಳು.

ಲ್ಯಾಕರ್ ಕೊರೆಯುವಾಗ ಹಾಡನ್ನು ಇದ್ದ ಹಾಗೆ ಕೊರೆಯುವುದಿಲ್ಲ. ಕೆಳಗಿನ ಸದ್ದನ್ನು ತಗ್ಗಿಸಿ, ಮೇಲಿನ ಸದ್ದನ್ನು ಎತ್ತಿ ಕೊರೆಯುತ್ತಾರೆ. ಕೆಳಗಿನ ಸದ್ದಿನ ಅಲೆ ಅಗಲ, ಹಾಗೇ ಬಿಟ್ಟರೆ ಪಕ್ಕದ ಗೆರೆಗೆ ನುಗ್ಗುತ್ತದೆ. ಮೇಲಿನದನ್ನು ಎತ್ತಿದರೆ, ಕೇಳುವಾಗ ಪ್ಲೇಯರು ಅಷ್ಟೇ ತಗ್ಗಿಸುವುದರಿಂದ ಪ್ಲೇಟಿನ ಸರಸರ ಸದ್ದೂ ಜೊತೆಗೆ ತಗ್ಗುತ್ತದೆ. ಆರ್‌ಐಎಎ ಎಂಬ ಈ ಲೆಕ್ಕದ ಪ್ರಕಾರ 10 ಕಿಲೋಹರ್ಟ್ಜ್ ಹತ್ತಿರ ಸುಮಾರು 14 ಡೆಸಿಬಲ್ ಎತ್ತುತ್ತಾರೆ. ‘ಸ’ ಎನ್ನುವ ಅಕ್ಷರದ ಸಿಳ್ಳು ಇರುವುದು ಹೆಚ್ಚುಕಡಿಮೆ ಆ ನೆರೆಯಲ್ಲೇ. ನನ್ನ ಸಕಾರ ಮೊದಲೇ ಚೂಪಾಗಿತ್ತು. ಅದರ ಮೇಲೆ ಇದೂ ಸೇರಿತು.

ಟೆಸ್ಟ್ ಪ್ರೆಸ್ಸಿಂಗ್, ಅಂದರೆ ಪರೀಕ್ಷೆಗೆಂದು ಮೊದಲು ಒತ್ತಿದ ಪ್ಲೇಟು, ಐದು ಬಂದವು. ಬಿಳಿ ಲೇಬಲ್ಲು, ಹೆಸರಿಲ್ಲ. ಸೂಜಿ ಇಟ್ಟೆವು. ಮೊದಲ ಪಲ್ಲವಿ ಚೆನ್ನಾಗಿತ್ತು, ಎರಡನೆಯದು ಅಷ್ಟಕ್ಕಷ್ಟೆ. ಮೂರನೆಯದರಲ್ಲಿ ಪ್ರತಿ ‘ಸ’ವೂ ಕಾದ ಎಣ್ಣೆಗೆ ಹಸಿ ಮೆಣಸಿನಕಾಯಿ ಬಿದ್ದಂತೆ ಚರ್ರ್ ಎಂದಿತು. ಡ್ರಮ್ಮರ್ ಹುಡುಗ ಸೂಜಿ ಬದಲಿಸಿ ನೋಡಿದ, ಇನ್ನೊಬ್ಬರ ಮನೆಗೆ ಹೋಗಿ ಬೇರೆ ಪ್ಲೇಯರಿನಲ್ಲಿ ಕೇಳಿದೆವು. ಅಲ್ಲೂ ಅದೇ.

ಅದೇ ಪದ, ಅದೇ ದನಿ, ಮೂರನೆಯ ಸಲಕ್ಕೆ ಮಾತ್ರ ಯಾಕೆ ಕೆಟ್ಟಿತು? ಅವತ್ತು ರಾತ್ರಿ ಮನೆಯಲ್ಲಿ ಲೆಕ್ಕ ಹಾಕಿದೆ. ಏಳು ಇಂಚಿನ ಪ್ಲೇಟಿನ ಹೊರಗಿನ ಗೆರೆಯ ವ್ಯಾಸ ಸುಮಾರು 16.8 ಸೆಂ.ಮೀ., ಒಳಗಿನದು ಸುಮಾರು 10.8. ನಿಮಿಷಕ್ಕೆ 45 ಸುತ್ತು ಎಂದರೆ ಸೆಕೆಂಡಿಗೆ ಮುಕ್ಕಾಲು ಸುತ್ತು. ಹೊರಗಡೆ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 40 ಸೆಂ.ಮೀ. ಗೆರೆ ಹಾಯುತ್ತದೆ, ಒಳಗೆ ಬಂದಾಗ ಸುಮಾರು 25 ಸೆಂ.ಮೀ. ಸುತ್ತು ಅಷ್ಟೇ, ದಾರಿ ಕಡಿಮೆ. ಸೆಕೆಂಡಿಗೆ 8,000 ಸಲ ಅಲುಗುವ ಸಿಳ್ಳು ಹೊರಗೆ ಒಂದು ಅಲೆಗೆ 0.05 ಮಿ.ಮೀ. ಜಾಗ ಪಡೆದರೆ ಒಳಗೆ 0.03 ಮಿ.ಮೀ. ಪಡೆಯುತ್ತದೆ, ಅಂದರೆ ಒಂದು ತಲೆಗೂದಲಿನ ದಪ್ಪದ ಅರ್ಧದಷ್ಟು. ಅಷ್ಟು ಇಕ್ಕಟ್ಟಿನ ತಿರುವಿನಲ್ಲಿ ಸೂಜಿಗೆ ಸರಿಯಾಗಿ ತಿರುಗಲು ಆಗುವುದಿಲ್ಲ. 2 ನಿಮಿಷ 48 ಸೆಕೆಂಡಿನ ನಮ್ಮ ಹಾಡು ಪ್ಲೇಟಿನ ಮೇಲೆ 126 ಸುತ್ತು, ಬಿಡಿಸಿ ಎಳೆದರೆ ಸುಮಾರು 55 ಮೀಟರ್ ಗೆರೆ. ಅದರ ಕೊನೆಯ ಕೆಲವು ಮೀಟರಿನಲ್ಲಿ ಎಂಟು ಸಕಾರ ಸಿಕ್ಕಿಕೊಂಡಿದ್ದವು. ಮರುದಿನ ಹತ್ತನೆಯ ತರಗತಿಗೆ ವೃತ್ತದ ಪಾಠವಿತ್ತು. ಪುಸ್ತಕದ ಲೆಕ್ಕ ಬಿಟ್ಟು ಇದನ್ನೇ ಬೋರ್ಡಿನ ಮೇಲೆ ಬಿಡಿಸಿದೆ. ಮಕ್ಕಳು ಕಣ್ಣು ಕೀಳದೆ ಕೂತಿದ್ದರು.

ಆ ಎಂಟು ಸಕಾರ ಬಂದದ್ದಾದರೂ ಹೇಗೆ ಎಂಬುದು ಆಮೇಲೆ ಹೊಳೆಯಿತು. ನಸುಕು, ಹೊಸಿಲು, ಮುಸುಕು, ಉಸಿರು, ಬಿಸಿಲು. ಎಲ್ಲದರಲ್ಲೂ ಎರಡನೆಯ ಅಕ್ಷರ ‘ಸ’. ನಮ್ಮ ಹಳೆಯ ಕಾವ್ಯದ ಆದಿಪ್ರಾಸ ಇದೇ ಅಲ್ಲವೇ, ಎರಡನೆಯ ಅಕ್ಷರ ಸಾಲಿಂದ ಸಾಲಿಗೆ ಒಂದೇ ಇರಬೇಕೆನ್ನುವುದು. ನಾನು ಲೆಕ್ಕ ಹಾಕಿ ಬರೆದಿರಲಿಲ್ಲ. ಚಿಕ್ಕಂದಿನಿಂದ ಕಿವಿಗೆ ಬಿದ್ದ ಪದ್ಯ, ಗಾದೆ, ಹಂತಿ ಪದ ಕೈಹಿಡಿದು ಬರೆಸಿದ್ದವು. ಸಾಲದೆಂಬಂತೆ ನಮ್ಮ ಕಡೆ ಶಿವನೂ ಸಿವ, ಶಾಲೆಯೂ ಸಾಲಿ. ಚರಣಗಳಲ್ಲೂ ಸಕಾರಕ್ಕೆ ಬರವಿರಲಿಲ್ಲ.

ಪದ ಬದಲಿಸೋಣ ಎಂದು ಲೀಡ್ ಗಿಟಾರಿನ ಹುಡುಗಿ ಹೇಳಿದಳು. ಎರಡು ದಿನ ಯೋಚಿಸಿದೆ. ಆಗದು ಅನ್ನಿಸಿತು. ಬಿಸಿಲಿನ ಮೇಲಿನ ಹಾಡಿನಲ್ಲಿ ಬಿಸಿಲು ಎಂಬ ಮಾತನ್ನೇ ತೆಗೆಯುವುದು ಹೇಗೆ? ಪದವನ್ನು ಉಳಿಸಿಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಲು ಹೊರಟೆವು.

ಮೊದಲು ಮೈಕು. ಸಣ್ಣ ಸಿಳ್ಳನ್ನೂ ಹಿಡಿಯುವ ಕಂಡೆನ್ಸರ್ ಮೈಕಿನ ಬದಲು ಅಷ್ಟು ಚೂಪಲ್ಲದ ಡೈನಾಮಿಕ್ ಮೈಕು ಇಟ್ಟು, ಅದನ್ನೂ ಬಾಯಿಯ ನೇರಕ್ಕೆ ಇಡದೆ ಗದ್ದದ ಮಟ್ಟಕ್ಕೆ ಇಳಿಸಿ ಸ್ವಲ್ಪ ಓರೆಯಾಗಿಸಿದೆವು. ಗಾಳಿಯ ಸಿಳ್ಳು ನೇರಕ್ಕೆ ಹೋಗುತ್ತದೆ, ದನಿ ಸುತ್ತಲೂ ಹರಡುತ್ತದೆ. ಆಮೇಲೆ ಬಾಯಿ. ‘ಸಿ’ ಹೇಳುವಾಗ ನಾನು ನಗುವವಳ ಹಾಗೆ ತುಟಿ ಅಗಲಿಸುತ್ತಿದ್ದೆ. ತುಟಿಯನ್ನು ತುಸು ಮುಂದಕ್ಕೆ ತಂದು, ‘ಸ’ವನ್ನು ಬೇಗ ದಾಟಿ ಸ್ವರಕ್ಕೆ ಹೋಗುವುದನ್ನು ಮೂರು ವಾರ ಅಭ್ಯಾಸ ಮಾಡಿದೆ. ಅಡುಗೆ ಮನೆಯಲ್ಲಿ, ಸ್ಕೂಟರ್ ಮೇಲೆ, ಪೇಪರ್ ತಿದ್ದುವಾಗ. ಮರುದನಿಯ ಇಬ್ಬರಿಗೆ ಇನ್ನೊಂದು ಉಪಾಯ. ಇಬ್ಬರೂ ಒಟ್ಟಿಗೆ ‘ಸಿ’ ಎಂದರೆ ಸಿಳ್ಳೂ ಎರಡು ಪಟ್ಟು, ಅದಕ್ಕೆ ಒಬ್ಬಳು ಮಾತ್ರ ‘ಬಿಸಿಲೇ’ ಎನ್ನುತ್ತಾಳೆ, ಇನ್ನೊಬ್ಬಳು ‘ಬಿ..ಇಲೇ’ ಎನ್ನುತ್ತಾಳೆ. ಕೇಳುವವರ ಕಿವಿ ತಾನೇ ‘ಸ’ವನ್ನು ತುಂಬಿಕೊಳ್ಳುತ್ತದೆ. ಈ ಉಪಾಯ ಬ್ಯಾಂಡಿನಲ್ಲಿ ಹಾಡುವ ಎಲ್ಲರಿಗೂ ಹೇಳಬೇಕು ಅನ್ನಿಸುವಂಥದ್ದು.

ಕೊನೆಗೆ ವಾದ್ಯ. ಪಲ್ಲವಿಯಲ್ಲಿ ಉದ್ದಕ್ಕೂ ಟ್ಯಾಂಬೊರಿನ್ ಇತ್ತು. ಅದರ ಬಿಲ್ಲೆಗಳ ಜಣಜಣ ಇರುವುದೂ ಸಕಾರದ ನೆರೆಯಲ್ಲೇ, ಎರಡೂ ಸೇರಿದಾಗ ಗೆರೆ ಇನ್ನೂ ಇಕ್ಕಟ್ಟು. ಅದನ್ನು ತೆಗೆದು ಅದೇ ಪೆಟ್ಟಿಗೆ ಚಪ್ಪಾಳೆ ಹಾಕಿದೆವು. ಅತ್ತಿಗೆ, ಅವರ ಮಗಳು, ನಾವು ನಾಲ್ವರು ಥಾನುಗಳ ನಡುವೆ ಸುತ್ತ ನಿಂತು ತಟ್ಟಿದ್ದು. ಹೈ-ಹ್ಯಾಟನ್ನು (ಡ್ರಮ್ಸ್‌ನ ಜೋಡಿ ತಾಳವನ್ನು) ಅರ್ಧ ತೆರೆದು ಬಾರಿಸುತ್ತಿದ್ದವನಿಗೆ ಮುಚ್ಚಿ ಬಾರಿಸಲು ಹೇಳಿದೆವು. ಅವನಿಗೆ ಇದು ಇಷ್ಟವಾಗಲಿಲ್ಲ, ಒಂದು ವಾರ ಮಾತು ಕಡಿಮೆ ಮಾಡಿದ್ದ. ಹೊಸ ಮಿಕ್ಸ್ ಕೇಳಿದ ಮೇಲೆ ತಾನೇ ಬಂದು, “ಯಕ್ಕಾ, ಹಾಡು ಬಿಚ್ಚಿಕೊಂಡತು ನೋಡ್ರೀ” ಎಂದ.

ಆಮೇಲೆ ಡಿ-ಎಸ್ಸರ್ ಎಂಬ ಸಾಧನದಿಂದ ಉಳಿದ ಸಿಳ್ಳನ್ನು ಮೆಲ್ಲಗೆ ತಗ್ಗಿಸಿ, ವಿನೈಲಿಗೆಂದೇ ಬೇರೆ ಮಾಸ್ಟರ್ ಮಾಡಿಸಿದೆವು. ಜೋರು ಕಡಿಮೆ, 24 ಬಿಟ್ ವೇವ್ ಫೈಲು, ಸದ್ದು ಎಲ್ಲೂ ಮೇಲಿನ ಮಿತಿ ಮುಟ್ಟಿಲ್ಲ. ಪ್ಲೇಟು ಎಷ್ಟು ಜೋರಾಗಿರಬೇಕು ಎಂಬುದನ್ನು ಕಟಿಂಗ್ ಮಾಡುವವರಿಗೆ ಬಿಡಬೇಕು, ಅದು ಅವರ ಕೈಯ ಕೆಲಸ. ಹೊಸ ಲ್ಯಾಕರ್, ಹೊಸ ಸ್ಟ್ಯಾಂಪರ್ ಎಂದರೆ ಅಷ್ಟೂ ಖರ್ಚು ಮತ್ತೆ ಮೊದಲಿಂದ. ನನ್ನ ಎರಡು ತಿಂಗಳ ಟ್ಯೂಷನ್ ದುಡ್ಡು ಅದಕ್ಕೇ ಹೋಯಿತು. ಎರಡನೆಯ ಟೆಸ್ಟ್ ಪ್ಲೇಟು ಬಂದ ದಿನ ಅವ್ವನನ್ನು ಮುಂದೆ ಕೂರಿಸಿದೆವು. ಮೂರನೆಯ ಪಲ್ಲವಿ ಮುಗಿದ ಮೇಲೆ ಅವಳು ನಾಲ್ಕೂ ಸಾಲು ತಾನೇ ಒಮ್ಮೆ ಹೇಳಿದಳು, ಒಂದು ಪದವೂ ತಪ್ಪಿರಲಿಲ್ಲ.

ಬಿ ಬದಿಯ ಹಾಡು ಹೊಲಿಗೆ ಯೂನಿಟ್ಟಿನ ಹೆಣ್ಣುಮಕ್ಕಳದು. ಅದು ಹೊಲಿಗೆ ಯಂತ್ರದ ಸದ್ದಿನಿಂದಲೇ ಶುರುವಾಗುತ್ತದೆ, ಅದರ ಓಟಕ್ಕೆ ಡ್ರಮ್ಸ್ ಬಂದು ಸೇರುತ್ತದೆ. ಅಲ್ಲಿ ಬಂದ ತೊಡಕು ಒಂದೇ. ಯಂತ್ರದ ಸದ್ದನ್ನು ಎರಡು ಮೈಕಿನಲ್ಲಿ ಹಿಡಿದಿದ್ದೆವು, ಮೇಜಿನ ಗುಡುಗು ಎಡಕ್ಕೊಂದು ಬಗೆ ಬಲಕ್ಕೊಂದು ಬಗೆ ಬಂದಿತ್ತು. ಸ್ಟೀರಿಯೋ ಗೆರೆಯಲ್ಲಿ ಎಡಬಲ ಒಂದೇ ಆಗಿದ್ದರೆ ಸೂಜಿ ಅಡ್ಡಕ್ಕೆ ಆಡುತ್ತದೆ, ಬೇರೆಯಾದಷ್ಟೂ ಮೇಲೆ ಕೆಳಗೆ ಆಡುತ್ತದೆ. ಕೆಳಸದ್ದಿನಲ್ಲಿ ಹೀಗಾದರೆ ಗೆರೆ ಕೆಲವು ಕಡೆ ತೀರಾ ತೆಳುವಾಗಿ ಸೂಜಿ ಹಾರುತ್ತದೆ. 150 ಹರ್ಟ್ಜ್‌ಗಿಂತ ಕೆಳಗಿನದನ್ನೆಲ್ಲ ಮೋನೋ ಮಾಡಿ, ಅಂದರೆ ಎಡಬಲ ಒಂದೇ ಮಾಡಿ, ಕಳಿಸಿ ಎಂದು ಎಂಜಿನಿಯರ್ ಹೇಳಿದರು, ಕಳಿಸಿದೆವು.

ಲೇಬಲ್ಲಿನ ಕನ್ನಡಕ್ಕೆ ಎಚ್ಚರ ಬೇಕು. ನಾವು ಕಳಿಸಿದ ಮೊದಲ ಪಿಡಿಎಫ್ ಅಲ್ಲಿ ತೆರೆದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ‘ಬಳ್ಳಾರಿ’ಯ ಳಕಾರದ ಒತ್ತು ಪಕ್ಕಕ್ಕೆ ಬಂದು ಕೂತಿತ್ತು. ಪುಣ್ಯಕ್ಕೆ ಪ್ರೂಫಿನಲ್ಲೇ ಸಿಕ್ಕಿತು. ಅಕ್ಷರವನ್ನು ಅಕ್ಷರವಾಗಿ ಕಳಿಸಬೇಡಿ, ಪೂರ್ತಿ ಔಟ್‌ಲೈನ್ ಮಾಡಿ ಚಿತ್ರವಾಗಿ ಕಳಿಸಿ. ಕನ್ನಡ ಬರದವರ ಕೈಯಲ್ಲೂ ಅದು ಮುರಿಯುವುದಿಲ್ಲ. ನಡುವಿನ ತೂತನ್ನು ಚಿಕ್ಕದೇ ಇರಿಸಿ ಎಂದಿದ್ದೆವು, ದೊಡ್ಡ ತೂತಿಗೆ ಬೇಕಾದ ಅಡಾಪ್ಟರು ನಮ್ಮ ಕಡೆಯ ಮನೆಗಳಲ್ಲಿ ಇರುವುದಿಲ್ಲ. ಹಾಡು ಮುಗಿದು ಲೇಬಲ್ ಶುರುವಾಗುವ ನಡುವಿನ ಖಾಲಿ ಜಾಗದಲ್ಲಿ ಎಂಜಿನಿಯರರು ಕೈಯಿಂದ ಏನಾದರೂ ಗೀಚಿಕೊಡುತ್ತಾರೆ. ‘ನಸುಕು’ ಎಂದು ದೊಡ್ಡದಾಗಿ ಬರೆದು ಚಿತ್ರ ಕಳಿಸಿದ್ದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಈಗ ಅದು ಕಾಣುತ್ತದೆ. ಸಕಾರದ ಹೊಕ್ಕುಳು ತುಸು ದೊಡ್ಡದು, ಕೊಂಬು ಬಾಗಿದೆ. ಅಕ್ಷರ ಗೊತ್ತಿಲ್ಲದವರೊಬ್ಬರು ನೋಡಿ ನೋಡಿ ಗೀಚಿದ ಕನ್ನಡ, ನನಗೆ ಬಲು ಪ್ರೀತಿಯದು.

ಮುನ್ನೂರು ಪ್ರತಿ ಒತ್ತಿಸಿದೆವು. ಲ್ಯಾಕರಿಗೂ ಸ್ಟ್ಯಾಂಪರಿಗೂ ಆಗುವ ಖರ್ಚು ನೂರಕ್ಕೂ ಅಷ್ಟೇ, ಮುನ್ನೂರಕ್ಕೂ ಅಷ್ಟೇ. ಸುಂಕ, ಐಜಿಎಸ್‌ಟಿ, ಸಾಗಣೆ ಮೊದಲೇ ಲೆಕ್ಕದಲ್ಲಿ ಇಟ್ಟುಕೊಳ್ಳಿ, ನಾವು ಸಾಗಣೆಯನ್ನು ಮರೆತಿದ್ದೆವು. ಮರೆಯಬಾರದ ಇನ್ನೊಂದು ವಿಷಯ ತಿಂಗಳು. ಎರಡನೆಯ ಸಲ ಲ್ಯಾಕರ್ ಕೊರೆಸಿದ್ದರಿಂದ ಪ್ಲೇಟುಗಳು ಊರಿಗೆ ಬಂದದ್ದು ಏಪ್ರಿಲಿನಲ್ಲಿ. ಬೆಂಗಳೂರಿನಿಂದ ಬಂದ ಪೆಟ್ಟಿಗೆಗಳಲ್ಲಿ ಒಂದು ಇಡೀ ಮಧ್ಯಾಹ್ನ ಬಿಸಿಲಲ್ಲಿ ನಿಂತ ವ್ಯಾನಿನೊಳಗೆ ಉಳಿದುಬಿಟ್ಟಿತು. ಹೊರಗೆ 41 ಡಿಗ್ರಿ ಇದ್ದರೆ ಮುಚ್ಚಿದ ಗಾಡಿಯ ಒಳಗೆ 60 ದಾಟುತ್ತದೆ, ವಿನೈಲ್ ಮೆತ್ತಗಾಗಲು ಅಷ್ಟು ಸಾಕು. ಹನ್ನೊಂದು ಪ್ಲೇಟು ಬಟ್ಟಲಿನ ಹಾಗೆ ಬಾಗಿದ್ದವು. ಬಿಸಿಲಿನ ಹಾಡನ್ನು ಬಿಸಿಲೇ ಬಾಗಿಸಿತು ಎಂದು ಅವ್ವ ಬಹಳ ಹೊತ್ತು ಮರುಗಿದಳು. ನಾನು ಅವನ್ನು ಮಾರಲಿಲ್ಲ, ನೇರ ಮಾಡುತ್ತೇನೆಂದು ಕಾಯಿಸಲೂ ಇಲ್ಲ. ಕೊಂಡವರಿಗೆಲ್ಲ ಒಂದು ಚೀಟಿ ಇಟ್ಟು ಕಳಿಸಿದೆವು: ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ, ಕಾರಿನಲ್ಲಿ ಬಿಡಬೇಡಿ, ಮಾಳಿಗೆ ಕೋಣೆ ಬೇಡ, ಅಜ್ಜನ ಕಾಲದ ಕೀಲಿ ಗ್ರಾಮಫೋನಿನ ಉಕ್ಕಿನ ಮುಳ್ಳನ್ನು ಇದರ ಮೇಲೆ ಇಡಲೇಬೇಡಿ.

ಮೊದಲು ಎಲ್ಲರೂ ಕೂಡಿ ಕೇಳಿದ್ದು ಯೂನಿಟ್ಟಿನಲ್ಲೇ, ಒಂದು ಸೋಮವಾರ ನಾಲ್ಕು ಗಂಟೆಯ ಚಹದ ಹೊತ್ತಿಗೆ. ಅತ್ತಿಗೆ ಯಂತ್ರಗಳನ್ನು ಆರಿಸಿದರು. ಅಜ್ಜನ ಟ್ರಂಕಿನ ಪಕ್ಕದಲ್ಲಿದ್ದ ಹಳೆಯ ಪ್ಲೇಯರಿಗೆ ಹೊಸ ಸೂಜಿ, ಹೊಸ ಬೆಲ್ಟು ಹಾಕಿಸಿ ಕತ್ತರಿಸುವ ಮೇಜಿನ ಮೇಲೆ ಇಟ್ಟಿದ್ದೆವು. ಎ ಬದಿ ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು. ಬಿ ಬದಿ ತಿರುವಿದೆ. ಯಂತ್ರದ ಸದ್ದು ಶುರುವಾಯಿತು. ಕಿಟಕಿ ಪಕ್ಕದ ಸಾಲಿನಲ್ಲಿ ಜೇಬು ಹೊಲಿಯುವ ಹೆಣ್ಣುಮಗಳೊಬ್ಬಳು ಕುಡಿಯುತ್ತಿದ್ದ ಚಹ ಕೆಳಗಿಟ್ಟು ಎದ್ದು ಬಂದು ಪ್ಲೇಯರಿನ ಮುಂದೆ ನಿಂತಳು.

“ಇದು ನಂದ ಮಷೀನು.”

“ಹೆಂಗ ಗೊತ್ತಾತವ್ವಾ?” ಎಂದೆ.

“ನಡುವ ಒಂದು ಕಿರ್ ಅಂತೈತಲ್ಲಕ್ಕಾ, ಆರು ವರ್ಷ ಆತು ನಾ ಅದನ್ನ ಕೇಳಾಕ ಹತ್ತಿ. ಮೂರು ಸಲ ಎಣ್ಣಿ ಬಿಟ್ರೂ ಹೋಗಿಲ್ಲ.”

ಹಾಡು ಮುಗಿಯುವವರೆಗೂ ಅಲ್ಲೇ ನಿಂತಿದ್ದಳು. ಹೋಗುವಾಗ ಒಂದು ಪ್ರತಿ ಕೇಳಿ ಪಡೆದಳು. ಮನೆಯಲ್ಲಿ ಪ್ಲೇಯರಿಲ್ಲ, ಆದರೂ ಇರಲಿ ಎಂದಳು. ಕವರಿನಿಂದ ಹೊರಗೆ ತೆಗೆದಾಗ ಅಂಚು ಮತ್ತು ಲೇಬಲ್ ಮಾತ್ರ ಮುಟ್ಟಬೇಕು ಎಂದು ತೋರಿಸಿಕೊಟ್ಟೆ, ತಗಡಿನ ಕೆಳಗೆ ಇಡಬೇಡ ಎಂದೂ ಹೇಳಿದೆ. ಅವಳು ಅದನ್ನು ಟಿಫಿನ್ ಚೀಲದಲ್ಲಿ ಹಾಕದೆ, ಒಂದು ಡೆನಿಮ್ ತುಂಡು ಕೇಳಿ ಪಡೆದು, ಅದರಲ್ಲಿ ಸುತ್ತಿಕೊಂಡು ಹೋದಳು.